ಹತ್ತೊಂಬತ್ತರ ರ‍್ಯಾಚೆಟ್

ಅಳಿಯ ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಮನೆ ಬಿಟ್ಟಿರಬೇಕು ಎಂದು ಮೇಸ್ತ್ರಿ ಅವತ್ತೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಚಪ್ಪಲಿ ಹುಡುಕಿದ. ತಡವಾದರೆ ಆ ಮಾತು ಬರುತ್ತದೆ. ‘ಬನ್ನಿ ಮಾವ, ಹಿಂದೆ ಕೂತ್ಕೊಳ್ಳಿ, ಇಬ್ರೂ ಹೋಗೋದು ಅಲ್ಲಿಗೇ ಅಲ್ವಾ.’ ಬೈಕಿನ ಹಿಂದೆ ಕೂತು, ಹಿಡಿದುಕೊಳ್ಳಲು ಅಳಿಯನ ಭುಜ ಬಿಟ್ಟರೆ ಬೇರೇನೂ ಇಲ್ಲದೆ, ಇಬ್ಬರ ಊಟದ ಡಬ್ಬಿಯನ್ನೂ ತೊಡೆಯ ಮೇಲಿಟ್ಟುಕೊಂಡು, ಬಸ್ಸು ರಿಪೇರಿ ಮಾಡುವ ವರ್ಕ್‌ಶಾಪಿನ ಗೇಟಿನೆದುರು ಇಳಿಯಬೇಕು. ಇಳಿಯುವಾಗ ಮಂಡಿ ಹಿಡಿದುಕೊಳ್ಳುತ್ತದೆ, ಅಳಿಯ ಕಾಲೂರಿ ಬೈಕು ವಾಲಿಸಿ ಕಾಯುತ್ತಾನೆ, ಗೇಟಿನವನು ನೋಡುತ್ತಾನೆ. ಅಳಿಯನಿಗೆ ಸಲಾಮು, ಮೇಸ್ತ್ರಿಗೊಂದು ನಗೆ. ಮೂವತ್ತೊಂದು ವರ್ಷ ಅದೇ ಗೇಟಿನಲ್ಲಿ ಸಲಾಮು ತೆಗೆದುಕೊಂಡವನಿಗೆ ನಗೆ ಸಾಕೆಂದು ಯಾರು ತೀರ್ಮಾನ ಮಾಡಿದರೋ. ಮಗಳು ಹೊಲಿಗೆ ಯಂತ್ರದ ಮುಂದಿನಿಂದ ಎದ್ದುಬಂದು, ‘ಅಪ್ಪ, ಇನ್ನು ಹತ್ತು ನಿಮಿಷ ಕೂತಿದ್ರೆ ಅವ್ರ ಜೊತೆಗೇ ಹೋಗ್ಬಹುದಿತ್ತು’ ಅಂದಳು. ‘ನಡೆದ್ರೆ ಮೈಗೆ ಒಳ್ಳೇದು’ ಎಂದು ಅವನು ಮೆಟ್ಟಿಲಿಳಿದ. ನಡೆದರೆ ಇಪ್ಪತ್ತೈದು ನಿಮಿಷ. ಅರ್ಧ ದಾರಿಯಲ್ಲಿ ಬೈಕು ಪಕ್ಕದಲ್ಲೇ ಹಾದುಹೋಯಿತು. ಅಳಿಯ ವೇಗ ತಗ್ಗಿಸಿ ಕತ್ತು ತಿರುಗಿಸಿದ, ಇವನು ಎದುರಿನ ಗೋಡೆಯ ಮೇಲಿದ್ದ ಹಳೆಯ ಜಾಹೀರಾತನ್ನು ಪರೀಕ್ಷೆಗೆ ಓದುವವನಂತೆ ಓದುತ್ತ ನಡೆದ.

ಹೆಂಡತಿ ಹೋದ ಮೇಲೆ ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಕರೆದುಕೊಂಡು ಬಂದವನು ಅಳಿಯನೇ. ಅದೇ ತಪ್ಪು. ಮಗಳು ಅತ್ತು ಕರೆದಿದ್ದರೆ ಬರಬಹುದಿತ್ತು, ಅಳಿಯ ಗಾಡಿ ಮಾಡಿಕೊಂಡು ಬಂದು ಹಾಸಿಗೆ ಸುತ್ತಿದ್ದು, ಇವನು ಸುತ್ತಿಟ್ಟ ಹಾಸಿಗೆಯ ಪಕ್ಕ ನಿಂತು ನೋಡಿದ್ದು ಇವತ್ತಿಗೂ ಗಂಟಲಲ್ಲಿದೆ. ಅಳಿಯ ವರ್ಕ್‌ಶಾಪಿಗೆ ಡಿಪ್ಲೊಮಾ ಕಾಗದ ಹಿಡಿದು ಬಂದಾಗ ವಾಷರ್ ಯಾವ ಕಡೆ ಹಾಕಬೇಕೆಂದು ಗೊತ್ತಿರಲಿಲ್ಲ. ‘ಲೋ, ಬಿಚ್ಚೋಕ್ಕಿಂತ ಮೊದ್ಲು ಹೇಗೆ ಕಟ್ಟಿದ್ದಾರೆ ನೋಡೋ’ ಎಂದು ಹೇಳಿಕೊಟ್ಟದ್ದು ತಾನು. ಮದುವೆಯ ಮಾರನೆಯ ದಿನದಿಂದ ‘ಲೋ’ ಹೋಯಿತು, ‘ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ’ ಬಂತು. ಮನೆಯಲ್ಲಿ ಅಳಿಯ, ಸರಿ, ಮರ್ಯಾದೆ ಕೊಡಬೇಕು. ಆದರೆ ಹೋದ ವರ್ಷ ಅವನು ಸೂಪರ್‌ವೈಸರ್ ಆದ. ಈಗ ಮರ್ಯಾದೆ ಕೊಡದೆ ಇರುವುದಕ್ಕೆ ಇವನಿಗೆ ಜಾಗವೇ ಉಳಿಯಲಿಲ್ಲ, ಮನೆಯಲ್ಲೂ ಕೊಡಬೇಕು, ಇಲ್ಲೂ ಕೊಡಬೇಕು. ಬೈದರೆ ಬೈದುಬಿಡಲಿ ಎಂದು ಮೇಸ್ತ್ರಿ ಎಷ್ಟೋ ಸಲ ಬೇಕೆಂದೇ ತಡ ಮಾಡಿದ್ದಾನೆ. ಅವನು ಬೈಯುವುದಿಲ್ಲ. ‘ಪರವಾಗಿಲ್ಲ ಮಾವ, ನಿಧಾನಕ್ಕೆ ಮಾಡಿ’ ಅನ್ನುತ್ತಾನೆ, ಎಂಟು ಜನರ ಎದುರಿಗೆ.

ಸ್ಪ್ಯಾನರುಗಳ ವಿಷಯವೂ ಎಂಟು ಜನರ ಎದುರಿಗೇ ಆದದ್ದು. ಹೋದ ಸೋಮವಾರ ಅಳಿಯ ಮೇಜಿನ ಮೇಲೆ ಎರಡು ಪೆಟ್ಟಿಗೆ ತೆರೆದಿಟ್ಟಿದ್ದ. ಎರಡೂ ಹೊಸ ರ‍್ಯಾಚೆಟ್ ಸ್ಪ್ಯಾನರುಗಳು, ಒಳಗೆ ಹಲ್ಲಿನ ಚಕ್ರ ಇರುವಂಥವು. ಬೋಲ್ಟಿಗೆ ಒಮ್ಮೆ ಕೂರಿಸಿದರೆ ತೆಗೆದು ತೆಗೆದು ಹಾಕಬೇಕಾಗಿಲ್ಲ, ಹಿಡಿಯನ್ನು ಅತ್ತಿತ್ತ ಆಡಿಸುತ್ತಿದ್ದರೆ ಬೋಲ್ಟು ತಿರುಗುತ್ತಾ ಹೋಗುತ್ತದೆ. ಒಂದು ಪೆಟ್ಟಿಗೆಯವಕ್ಕೆ ಕುತ್ತಿಗೆಯಲ್ಲಿ ಒಂದು ಚಿಕ್ಕ ಗುಂಡಿ, ಅದನ್ನು ಆಕಡೆ ತಳ್ಳಿದರೆ ಬಿಗಿ, ಈಕಡೆ ತಳ್ಳಿದರೆ ಸಡಿಲ. ಇನ್ನೊಂದು ಪೆಟ್ಟಿಗೆಯವಕ್ಕೆ ಗುಂಡಿ ಇಲ್ಲ, ತೆಳ್ಳಗೆ, ನೀಟಾಗಿ ಇವೆ. ದಿಕ್ಕು ಬದಲಿಸಬೇಕಾದರೆ ಸ್ಪ್ಯಾನರನ್ನು ತೆಗೆದು ಮಗುಚಿ ಹಾಕಬೇಕು. ಯಾರಿಗೆ ಯಾವುದು ಬೇಕೋ ಆರಿಸಿಕೊಂಡು ರಿಜಿಸ್ಟರಿನಲ್ಲಿ ಬರೆಯಿರಿ ಎಂದ ಅಳಿಯ, ಮೇಸ್ತ್ರಿಯ ಸರದಿ ಬಂದಾಗ ಮಾತ್ರ ತಾನೇ ಒಂದು ಪೆಟ್ಟಿಗೆಯನ್ನು ಮುಂದಕ್ಕೆ ದೂಡಿ, ‘ಮಾವ, ನೀವು ಗುಂಡಿ ಇರೋದು ತಗೊಳ್ಳಿ. ಇಕ್ಕಟ್ಟಲ್ಲಿ ಸಿಕ್ಕಾಕ್ಕೊಳ್ಳಲ್ಲ’ ಅಂದ. ಒಳ್ಳೆಯ ಮಾತೇ. ಆದರೆ ವೆಲ್ಡರ್ ಆಕಳಿಸುವವನಂತೆ ಬಾಯಿಗೆ ಕೈ ಅಡ್ಡ ಹಿಡಿದ. ಗುರುವಿಗೇ ತಿರುಮಂತ್ರ. ಮೇಸ್ತ್ರಿ ಗುಂಡಿ ಇಲ್ಲದ ಪೆಟ್ಟಿಗೆಗೆ ಕೈಹಾಕಿ, ‘ಮಗುಚಿ ಹಾಕೋಕೆ ನಂಗೆ ಕೈ ಇದೆ’ ಅಂದ. ಆಗ ಎಲ್ಲರೂ ನಕ್ಕರು, ಅಳಿಯನೂ ನಕ್ಕ. ಆ ನಗು ತನ್ನ ಪರವಾಗಿತ್ತೆಂದು ಅವತ್ತು ದಿನವಿಡೀ ಮೇಸ್ತ್ರಿಗೆ ಅನ್ನಿಸುತ್ತಿತ್ತು, ರಾತ್ರಿ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಅನ್ನಿಸಲಿಲ್ಲ.

ಈಗ ಮಧ್ಯಾಹ್ನ ಒಂದೂಮುಕ್ಕಾಲು. ಅವನು ವರ್ಕ್‌ಶಾಪಿನ ನೆಲದಲ್ಲಿ ತೋಡಿದ ಉದ್ದನೆಯ ಹಳ್ಳದಲ್ಲಿದ್ದ, ತಲೆಯ ಮೇಲೆ ಬಸ್ಸಿನ ಹೊಟ್ಟೆ. ಸ್ಟಿಯರಿಂಗ್ ಸ್ವಲ್ಪ ಆಡುತ್ತದೆ ಎಂದು ಡ್ರೈವರ್ ಬರೆದುಕೊಟ್ಟಿದ್ದ. ಸ್ಟಿಯರಿಂಗ್ ಪೆಟ್ಟಿಗೆಯನ್ನು ಬಸ್ಸಿನ ಅಡಿಚೌಕಟ್ಟಾದ ಚಾಸಿಗೆ ಹಿಡಿದಿರುವುದು ನಾಲ್ಕು ಬೋಲ್ಟು. ಒಂದೊಂದಾಗಿ ಬಿಚ್ಚಿ, ಸವೆದ ವಾಷರ್ ತೆಗೆದು, ಹೊಸದು ಹಾಕಿ ಮತ್ತೆ ಬಿಗಿಯಬೇಕು. ಮೂರು ಮುಗಿದಿದ್ದವು. ನಾಲ್ಕನೆಯದರ ಮುಂದೆ ಒಂದು ಅಡ್ಡಪಟ್ಟಿ. ಬೋಲ್ಟಿನ ತಲೆಗೂ ಆ ಪಟ್ಟಿಗೂ ನಡುವೆ ಮೂರು ಬೆರಳು ಜಾಗ. ಈ ಬೋಲ್ಟನ್ನು ಅವನು ಇಂಥ ಬಸ್ಸುಗಳಲ್ಲಿ ನೂರು ಸಲವಾದರೂ ಬಿಚ್ಚಿದ್ದಾನೆ, ಬಾಯಿ ತೆರೆದ ಹಳೆಯ ಸ್ಪ್ಯಾನರಿನಲ್ಲಿ, ಒಂದು ಸಲಕ್ಕೆ ಒಂದಿಷ್ಟೇ, ತೆಗೆದು, ಮಗುಚಿ, ಮತ್ತೆ ಹಾಕಿ, ಅರ್ಧ ಗಂಟೆ. ಇವತ್ತು ಹತ್ತೊಂಬತ್ತರ ಅಳತೆಯ ರ‍್ಯಾಚೆಟ್ ಹಾಕಿದ. ಹಿಡಿ ಅತ್ತಿತ್ತ ಆಡಲು ಪಕ್ಕದಲ್ಲಿ ನಾಲ್ಕು ಬೆರಳು ಜಾಗವಿದ್ದರೂ ಸಾಕು, ಕರಕರ ಎಂದು ಬೋಲ್ಟು ಹೊರಗೆ ಬರತೊಡಗಿತು. ಸುಖವಾಗಿತ್ತು. ಇಷ್ಟು ಸುಖದ ಕೆಲಸವನ್ನು ಅಳಿಯ ತಂದುಕೊಟ್ಟನಲ್ಲ ಎಂಬ ಉರಿಯಲ್ಲಿ ಅವನು ಇನ್ನೂ ಬೇಗ ಬೇಗ ಆಡಿಸಿದ. ಹಳೆಯ ಸ್ಪ್ಯಾನರು ಪಕ್ಕಕ್ಕೆ ಜಾರಿ ಹೊರಬರುವಂಥದ್ದು. ಅದನ್ನು ಹಿಡಿದು ಹಣ್ಣಾದ ಕೈಗೆ ಬೋಲ್ಟಿನ ತಲೆಯ ಮುಂದಿನ ಜಾಗವನ್ನು ಅಳೆಯುವ ಅಭ್ಯಾಸವೇ ಇರಲಿಲ್ಲ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಾಗಿದ್ದರೆ ಹೆದರಿ ಹೆದರಿ ನೋಡಿಕೊಳ್ಳುತ್ತಿದ್ದ. ಲೋಹಕ್ಕೆ ಲೋಹ ಉಜ್ಜಿದ ಸದ್ದು ಬಂದಾಗ ಅವನು ಕೈ ನಿಲ್ಲಿಸಿದ. ಬೋಲ್ಟಿನ ತಲೆಯನ್ನು ಸುತ್ತಿ ಹಿಡಿದ ಸ್ಪ್ಯಾನರಿನ ಬಳೆ ಅಡ್ಡಪಟ್ಟಿಗೆ ಒತ್ತಿ ಕೂತಿತ್ತು.

ಮೊದಲು ಅವನಿಗೆ ಏನೂ ಅನ್ನಿಸಲಿಲ್ಲ. ತೆಗೆಯಲು ನೋಡಿದ, ಬರಲಿಲ್ಲ. ಮುಂದೆ ಪಟ್ಟಿ, ಹಿಂದೆ ಬೋಲ್ಟಿನ ತಲೆಗೇ ಅಂಟಿಕೊಂಡ ತಟ್ಟೆಯಂಥ ಅಂಚು. ಬೋಲ್ಟನ್ನು ಒಂದು ಸುತ್ತು ಒಳಕ್ಕೆ ಬಿಗಿದರೆ ಬಳೆ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ. ಬಿಗಿಯಲು ಸ್ಪ್ಯಾನರನ್ನು ಮಗುಚಬೇಕು. ಮಗುಚಲು ತೆಗೆಯಬೇಕು. ಇಕ್ಕಳದಿಂದ ಬೋಲ್ಟಿನ ಕಾಂಡ ಹಿಡಿದು ತಿರುಗಿಸಿದ. ಒಂದಿಷ್ಟೇ ಒಳಕ್ಕೆ ತಿರುಗಿತು, ಜೊತೆಗೆ ಸ್ಪ್ಯಾನರಿನ ಹಿಡಿಯೂ ತಿರುಗಿ ಚಾಸಿಗೆ ತಾಗಿತು. ಹಿಡಿಯನ್ನು ವಾಪಸು ತಂದರೆ ಬೋಲ್ಟೂ ಅಷ್ಟೇ ವಾಪಸು ಬಂತು. ಮತ್ತೆ ಒಳಗೆ, ಮತ್ತೆ ಹೊರಗೆ. ಕೊಟ್ಟಿದ್ದನ್ನೆಲ್ಲ ಕಿತ್ತುಕೊಳ್ಳುವ ಇಂಥ ಯಂತ್ರವನ್ನು ಯಾವ ಪುಣ್ಯಾತ್ಮ ಮಾಡಿದನೋ. ಬೆವರು ಕಣ್ಣಿಗಿಳಿಯಿತು. ದಾರಿ ಇರಲಿಲ್ಲವೆಂದಲ್ಲ. ಗ್ರೈಂಡರ್ ತರಿಸಿ ಸ್ಪ್ಯಾನರಿನ ಹಿಡಿಯನ್ನು ಬುಡಕ್ಕೇ ಕತ್ತರಿಸಿದರೆ ಬಳೆ ಬೋಲ್ಟಿನ ಜೊತೆ ಸರಾಗ ತಿರುಗುತ್ತದೆ, ಹತ್ತು ನಿಮಿಷದ ಕೆಲಸ. ಆದರೆ ಗ್ರೈಂಡರ್ ಕೂಗುತ್ತದೆ, ಕಿಡಿ ಹಾರುತ್ತದೆ, ಎಲ್ಲರೂ ಹಳ್ಳದ ಅಂಚಿಗೆ ಬಂದು ಬಗ್ಗುತ್ತಾರೆ. ಏಳು ದಿನದ ಹಿಂದೆ ರಿಜಿಸ್ಟರಿನಲ್ಲಿ ಬರೆದು ತೆಗೆದುಕೊಂಡ ಸ್ಪ್ಯಾನರು. ‘ಸಿಕ್ಕಾಕ್ಕೊಳ್ಳಲ್ಲ ಅಂತ ಹೇಳಿದ್ನಲ್ಲ ಮಾವ’ ಎಂದು ಅಳಿಯ ಹೇಳುವುದಿಲ್ಲ. ಹೇಳದೆ ಇರುತ್ತಾನೆ. ಅದೇ ಆಗದು.

ಅವನು ಗರಗಸದ ಬ್ಲೇಡೊಂದಕ್ಕೆ ಬಟ್ಟೆ ಸುತ್ತಿಕೊಂಡು ಹಿಡಿಯನ್ನು ಸದ್ದಿಲ್ಲದೆ ಕೊಯ್ಯಲು ಕೂತ. ಗಟ್ಟಿ ಉಕ್ಕು, ಹತ್ತು ನಿಮಿಷದಲ್ಲಿ ಬ್ಲೇಡಿನ ಹಲ್ಲು ಹೋಯಿತು, ಹಿಡಿಯ ಮೇಲೆ ಉಗುರಿನಿಂದ ಗೀರಿದಷ್ಟು ಗೆರೆ ಬಿತ್ತು. ಮೇಲೆ ಯಾರದೋ ಬೂಟು ಓಡಾಡಿತು, ಅವನು ಬ್ಲೇಡನ್ನು ಅಂಗಿಯೊಳಗೆ ಸೇರಿಸಿದ. ಅರವತ್ತರ ಹತ್ತಿರದಲ್ಲಿ ಹೀಗೆ ಕದ್ದ ಹುಡುಗನ ಹಾಗೆ ಕೂರುವುದು. ಹೆಂಡತಿ ಇದ್ದಿದ್ದರೆ ನಗುತ್ತಿದ್ದಳು. ‘ನಿಮ್ಮ ಹಟಕ್ಕೆ ಔಷಧಿ ಇಲ್ಲ’ ಎಂದು ಅವಳು ಹೇಳುತ್ತಿದ್ದದ್ದು ಪ್ರೀತಿಯಿಂದಲೋ ಬೇಸತ್ತೋ, ಕೇಳಿಕೊಳ್ಳಲು ಇವನು ಯಾವತ್ತೂ ತಲೆ ಎತ್ತಿರಲಿಲ್ಲ. ಆಸ್ಪತ್ರೆಯ ಕೊನೆಯ ವಾರ ಅವಳ ಹಾಸಿಗೆಯ ಪಕ್ಕ ರಾತ್ರಿಯಿಡೀ ಕೂತವನು ಅಳಿಯ. ಇವನಿಗೆ ಆ ವಾಸನೆ ಆಗುತ್ತಿರಲಿಲ್ಲ, ಹೊರಗೆ ಬೆಂಚಿನ ಮೇಲೆ ಇರುತ್ತಿದ್ದ. ಅವಳು ಕೊನೆಗೆ ನೀರು ಕೇಳಿದ್ದೂ ಅಳಿಯನನ್ನೇ ಅಂತೆ. ಅದನ್ನು ಮಗಳು ಕೃತಜ್ಞತೆಯಿಂದ ಹೇಳುತ್ತಾಳೆ, ಬಂದವರಿಗೆಲ್ಲ ಹೇಳುತ್ತಾಳೆ, ಹೇಳುವಾಗ ಅಪ್ಪ ಎಲ್ಲಿ ನೋಡುತ್ತಿದ್ದಾನೆಂದು ನೋಡುವುದಿಲ್ಲ. ತನ್ನ ಹೆಂಡತಿಯ ಸಾವನ್ನೂ ಅವನು ತೆಗೆದುಕೊಂಡುಬಿಟ್ಟ ಎಂದು ಮೇಸ್ತ್ರಿಗೆ ಬಸ್ಸಿನ ಕೆಳಗೆ ಕೂತಲ್ಲೇ ಸ್ಪಷ್ಟವಾಗಿ ಅನ್ನಿಸಿತು, ಅನ್ನಿಸಿದ್ದು ನ್ಯಾಯವಲ್ಲವೆಂದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು.

ಆಮೇಲೆ ಅವನ ಕೈ ಒಂದು ಕೆಲಸ ಮಾಡಿತು. ಜೇಬಿನಲ್ಲಿದ್ದ ಕಟ್ಟುವ ತಂತಿ ತೆಗೆದು, ಅಲ್ಲಾಡದ ಹಾಗೆ ಸ್ಪ್ಯಾನರಿನ ಹಿಡಿಯನ್ನು ಅಡ್ಡಪಟ್ಟಿಗೆ ಎರಡು ಸುತ್ತು ಬಿಗಿಯಿತು. ತಂತಿಯ ತುದಿಗಳನ್ನು ಯಾರ ಕೈಗೂ ಚುಚ್ಚದಂತೆ ಒಳಕ್ಕೆ ಮಡಚಿತು. ಮೂರು ಬೋಲ್ಟು ಗಟ್ಟಿಯಾಗಿವೆ, ಸಂಜೆಗೆ ಬಸ್ಸು ವಾಪಸು ಬಂದಾಗ ಎಲ್ಲರೂ ಹೋದ ಮೇಲೆ ಸರಿ ಮಾಡಿದರಾಯಿತು ಎಂದುಕೊಂಡ. ಮೂರು ಬೋಲ್ಟಿನ ಮೇಲೆ ಸ್ಟಿಯರಿಂಗ್ ಓಡಬಹುದು, ಓಡದೆಯೂ ಇರಬಹುದು. ಮೂವತ್ತೊಂದು ವರ್ಷದಲ್ಲಿ ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವನ ಕಪಾಳಕ್ಕೆ ಬಾರಿಸುತ್ತಿದ್ದ.

‘ಆಯ್ತಾ ಮಾವ?’

ಅಳಿಯ ಹಳ್ಳದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ತಪಾಸಣೆಯ ಹಾಳೆ. ಇಷ್ಟು ಕೆಳಗಿನಿಂದ ಅವನ ಮುಖ ಕಾಣುತ್ತಿರಲಿಲ್ಲ, ಮಂಡಿ, ಹಾಳೆ, ಪೆನ್ನು ಮಾತ್ರ ಕಾಣುತ್ತಿದ್ದವು.

‘ಆಯ್ತು’ ಅಂದ ಮೇಸ್ತ್ರಿ.

‘ನಾಲ್ಕೂ?’

‘ನಾಲ್ಕೂ.’

‘ಇಳಿದು ನೋಡ್ಬೇಕು. ರೂಲ್ಸು ಅದೇ. ನೀವು ನೋಡಿದ್ಮೇಲೆ ನಾನೇನು ನೋಡೋದು ಬಿಡಿ’ ಎಂದು ಅಳಿಯ ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡ. ಆಗಲೇ ಮೇಸ್ತ್ರಿಗೆ ಹೊಳೆದದ್ದು, ಸಹಿ ಅಳಿಯನದು. ಕೆಲಸ ಮಾಡಿದವನ ಹೆಸರಿಗೆ ಹಾಳೆಯಲ್ಲಿ ಜಾಗ ಇಲ್ಲ, ನೋಡಿದೆ ಎಂದು ಹಾಕುವವನ ಹೆಸರಿಗೆ ಇದೆ. ಏನಾದರೂ ಆದರೆ ಕೇಳುವುದು ಈ ಪೆನ್ನನ್ನು. ಒಂದು ಕ್ಷಣ ಇತ್ತು, ಪೆನ್ನು ಹಾಳೆ ಮುಟ್ಟುವ ಮೊದಲು, ‘ತಡೀರಿ’ ಅನ್ನುವಷ್ಟು ಧಾರಾಳವಾದ ಕ್ಷಣ. ಅವನು ಅನ್ನಲಿಲ್ಲ. ಅವನು ನೋಡಿದ. ಅಳಿಯ ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದು, ಗೆರೆಯ ಕೆಳಗೆ ಎರಡು ಚುಕ್ಕೆ ಇಟ್ಟ. ಮೇಸ್ತ್ರಿಯ ಎದೆಯಲ್ಲಿ ಹಿತವಾದ ಒಂದು ಬಿಸುಪು ಹರಡಿಕೊಂಡಿತು. ಎಷ್ಟೋ ವರ್ಷದಿಂದ ಅಂಥದ್ದು ಹರಡಿರಲಿಲ್ಲ. ಬೈಕು ಇರುವುದಿಲ್ಲ, ಸಲಾಮು ಇರುವುದಿಲ್ಲ, ಕೆಲಸ ಕಳೆದುಕೊಂಡ ಅಳಿಯ ಮನೆಯ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿರುತ್ತಾನೆ, ಆಗ ತಾನು ಪಕ್ಕದಲ್ಲಿ ನಿಂತು ‘ಪರವಾಗಿಲ್ಲ ಬಿಡಿ’ ಅನ್ನುತ್ತೇನೆ. ಮಗಳು ಆ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಬಸ್ಸಿನೊಳಗೆ ಕೂರುವ ಐವತ್ತು ಜನರೂ ಇರಲಿಲ್ಲ.

‘ಮೇಲೆ ಬನ್ನಿ ಮಾವ, ಡ್ರೈವರ್ ಬಂದ’ ಎಂದು ಅಳಿಯ ಎದ್ದುಹೋದ. ಮೇಸ್ತ್ರಿ ಏಣಿಯ ಕಡೆ ಎರಡು ಹೆಜ್ಜೆ ಇಟ್ಟ, ನಿಂತ. ಮೇಲೆ ಬಾಗಿಲು ಬಡಿಯಿತು. ಡ್ರೈವರ್ ದಪ್ಪನೆಯ ಮನುಷ್ಯ, ಸೀಟಿಗೆ ಬಿದ್ದರೆ ಬಸ್ಸು ಒಂದು ಸಲ ತೂಗುತ್ತದೆ; ತೂಗಿತು. ಎಂಜಿನ್ ಎದ್ದಿತು. ಸ್ಟಿಯರಿಂಗ್ ಹೇಗಾಗಿದೆ ನೋಡೋಣವೆಂದು ಅವನು ಬಸ್ಸು ನಿಂತಲ್ಲೇ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ. ಮೇಸ್ತ್ರಿಯ ಕಣ್ಣೆದುರಿಗೆ ಸ್ಟಿಯರಿಂಗ್ ಪೆಟ್ಟಿಗೆ ಆ ನಾಲ್ಕನೆಯ ಮೂಲೆಯಲ್ಲಿ ಉಗುರಿನಷ್ಟು ಎದ್ದು, ಕೂತು, ಮತ್ತೆ ಎದ್ದಿತು. ಅದು ಅವನಿಗೆ ಮಾತ್ರ ಕಾಣುತ್ತಿತ್ತು. ಹಳ್ಳದಲ್ಲಿರುವವರು ಎಂಜಿನ್ ನಿಲ್ಲಿಸಿ ಎಂದು ಹೇಳಬೇಕಾದರೆ ಚಾಸಿಗೆ ಎರಡು ಪೆಟ್ಟು ಹೊಡೆಯುವುದು ಇಲ್ಲಿನ ರೂಢಿ, ಕೂಗಿದರೆ ಕೇಳಿಸುವುದಿಲ್ಲ. ಅವನು ಹೊಡೆಯಬೇಕೆಂದು ಯೋಚಿಸಿದ್ದು ನೆನಪಿಲ್ಲ. ಪೆಟ್ಟು ಕೇಳಿಸಿತು, ಎರಡು. ಎಂಜಿನ್ ನಿಂತಿತು. ಕೈಯಲ್ಲಿ ಸುತ್ತಿಗೆ ಇತ್ತು.

ಅಳಿಯ ಏಣಿಯಿಳಿದು ಬಂದು ಅವನ ಇನ್ನೊಂದು ಕೈಯಿಂದ ಟಾರ್ಚ್ ತೆಗೆದುಕೊಂಡ. ಮೊದಲು ಸ್ಪ್ಯಾನರನ್ನು ನೋಡಿದ, ಆಗ ಅವನ ತುಟಿಯಲ್ಲಿ ನಗುವೇ ಬರುವುದರಲ್ಲಿತ್ತು. ಆಮೇಲೆ ತಂತಿ ಕಂಡಿತು. ಬೆರಳಿನಿಂದ ಮುಟ್ಟಿ ನೋಡಿದ, ಎರಡು ಸುತ್ತು, ಒಳಕ್ಕೆ ಮಡಚಿದ ತುದಿ. ಟಾರ್ಚಿನ ಬೆಳಕು ಅಲ್ಲೇ ಬಹಳ ಹೊತ್ತು ನಿಂತಿತು.

‘ಸಿಕ್ಕಾಕ್ಕೊಳ್ತು’ ಅಂದ ಮೇಸ್ತ್ರಿ.

‘ಅದು ಎಲ್ರಿಗೂ ಸಿಕ್ಕಾಕ್ಕೊಳ್ಳುತ್ತೆ. ನಂಗೂ ಎರಡು ಸಲ ಆಗಿದೆ, ಅದಕ್ಕೇ ಹೇಳಿದ್ದು.’ ಅಳಿಯನ ದನಿ ತಗ್ಗಿತ್ತು, ಮೇಲಿನವರಿಗೆ ಕೇಳಿಸಬಾರದೆಂದು. ‘ಈ ತಂತಿ ಯಾವಾಗ ಕಟ್ಟಿದ್ರಿ?’

‘ನೀವು ಬರೋಕೆ ಮೊದ್ಲು.’

‘ನಾನು ಸೈನ್ ಹಾಕೋವಾಗ ನೀವು ನೋಡ್ತಾ ಇದ್ರಿ. ಹೇಳೋಕೆ ಮರ್ತ್ರಾ, ಇಲ್ಲಾ ಹಾಕ್ಲಿ ಅಂತ ಕಾಯ್ತಾ ಇದ್ರಾ?’

ಮರೆತೆ ಅನ್ನಬಹುದಿತ್ತು. ಹೆದರಿದೆ ಅಂದರೆ ಇನ್ನೂ ಸುಲಭ, ಮುದುಕ ಹೆದರಿದ ಅಂದರೆ ಊರೇ ನಂಬುತ್ತದೆ. ಎದುರಿಗಿದ್ದ ಮುಖವನ್ನು ಮೇಸ್ತ್ರಿ ಬಹಳ ದಿನದ ನಂತರ ಸರಿಯಾಗಿ ನೋಡಿದ. ಕಿವಿಯ ಹತ್ತಿರ ಕೂದಲು ನರೆತಿತ್ತು, ಕಣ್ಣಿನಲ್ಲಿ ಹೆದರಿಕೆ ಇತ್ತು, ಹೆದರಿಕೆಯ ಹಿಂದೆ ಯಾವತ್ತೂ ಹೊರಗೆ ತೋರಿಸದ ಒಂದು ಹಳೆಯ ಅಸಹ್ಯವೂ ಇತ್ತು. ಹಾಗಾದರೆ ಅದು ಅಲ್ಲೂ ಇತ್ತು. ಇಷ್ಟು ದಿನ ತಾನೊಬ್ಬನೇ ದ್ವೇಷಿಸುತ್ತಿದ್ದೇನೆಂದು ತಿಳಿದಿದ್ದ.

‘ಕಾಯ್ತಾ ಇದ್ದೆ’ ಅಂದ.

ಅಳಿಯ ತಲೆಯಾಡಿಸಿದ, ಲೆಕ್ಕ ಸರಿಬಂದವನ ಹಾಗೆ. ‘ನಿಮ್ಮ ಜೊತೆ ಒಂದೇ ಮನೇಲಿ ಅನ್ನ ತಿನ್ನೋದು ಎಷ್ಟು ಕಷ್ಟ ಗೊತ್ತಾ ನಿಮಗೆ? ದಿನಾ ತಟ್ಟೆ ಮುಂದೆ ಕೂತಾಗ ನೀವು ನೋಡೋ ನೋಟ. ಅವಳಿಗೋಸ್ಕರ ನುಂಗ್ತೀನಿ.’ ಅವನು ಹಾಳೆಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ. ‘ನಾನು ಎಂಟು ಗಂಟೆಗೆ ಮನೆಗೆ ಬರ್ತೀನಿ. ಅಷ್ಟರೊಳಗೆ ನೀವೇ ಅವಳಿಗೆ ಹೇಳಿರಿ. ಪೂರ್ತಿ ಹೇಳಿ. ನಾನು ಹೇಳಿದ್ರೆ ಅವಳು ನಂಬಲ್ಲ.’ ಆಮೇಲೆ ಮೇಲಕ್ಕೆ ಮುಖ ಮಾಡಿ, ‘ಗ್ರೈಂಡರ್ ಕಳ್ಸ್ರೋ, ಒಂದು ಒದ್ದೆ ಗೋಣಿನೂ ಕೊಡಿ’ ಎಂದು ಯಾವಾಗಿನ ದನಿಯಲ್ಲೇ ಕೂಗಿದ.

ಕಿಡಿಗಳು ಹಾರುವಾಗ ಟಾರ್ಚ್ ಹಿಡಿದದ್ದು ಮೇಸ್ತ್ರಿ. ತಂತಿ ಮೊದಲೇ ಅಳಿಯನ ಜೇಬು ಸೇರಿತ್ತು, ಹಳ್ಳದ ಅಂಚಿಗೆ ಬಂದು ಬಗ್ಗಿದವರಿಗೆ ಸಿಕ್ಕಿಕೊಂಡ ಸ್ಪ್ಯಾನರು ಮಾತ್ರ ಕಂಡಿತು. ‘ಮಗುಚಿ ಹಾಕೋಕೆ ಕೈ ಇದೆ ಅಂದಿದ್ರಲ್ಲ ಮೇಸ್ತ್ರಿ’ ಎಂದ ವೆಲ್ಡರ್, ಎಲ್ಲರೂ ನಕ್ಕರು. ಮಧ್ಯಾಹ್ನವೆಲ್ಲ ಯಾವ ನಗುವಿಗೆ ಹೆದರಿ ಕೂತಿದ್ದನೋ ಆ ನಗು ಬಂದು ಹೋಯಿತು, ಅದರಲ್ಲಿ ಏನೂ ಇರಲಿಲ್ಲ. ಬೋಲ್ಟು ಹೊರಬಂತು, ಹೊಸ ವಾಷರ್ ಕೂತಿತು, ಅಳಿಯ ತಾನೇ ಹಳೆಯ ಸ್ಪ್ಯಾನರು ಹಿಡಿದು ಬಿಗಿದ, ಬಿಗಿದ ಮೇಲೆ ನಾಲ್ಕೂ ಬೋಲ್ಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ಇನ್ನು ಮುಂದೆ ಅವನು ಯಾವಾಗಲೂ ಇಳಿದು ನೋಡುತ್ತಾನೆ. ನಾಲ್ಕಕ್ಕೆ ಬಸ್ಸು ಹೋಯಿತು.

ಮೇಸ್ತ್ರಿ ನಡೆದೇ ಮನೆಗೆ ಹೋದ. ದಾರಿಯಲ್ಲಿ ಮಾತು ಕಟ್ಟಿಕೊಂಡ, ಕೆಡವಿದ, ಮತ್ತೆ ಕಟ್ಟಿಕೊಂಡ. ಎಲ್ಲ ಮಾತಿನಲ್ಲೂ ತಾನು ಎಲ್ಲೋ ಒಂದು ಕಡೆ ಸ್ವಲ್ಪ ಒಳ್ಳೆಯವನಾಗಿಯೇ ಉಳಿಯುತ್ತಿದ್ದ. ಮಗಳು ಹೊಲಿಗೆ ಯಂತ್ರದ ಮೇಲೆ ಬಗ್ಗಿ ಯಾರದೋ ಮಗುವಿನ ಅಂಗಿಗೆ ತೋಳು ಕೂರಿಸುತ್ತಿದ್ದಳು. ಇನ್ನೂ ಬೆಳಕಿತ್ತು. ‘ಬೇಗ ಬಂದ್ರಲ್ಲಪ್ಪ. ಅವ್ರೆಲ್ಲಿ?’

‘ಎಂಟಕ್ಕೆ ಬರ್ತಾರೆ. ಯಂತ್ರ ನಿಲ್ಸು, ಒಂದು ವಿಷ್ಯ ಹೇಳ್ಬೇಕು.’

ಅವಳು ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದಳು. ಅವನು ನಿಂತುಕೊಂಡೇ ಹೇಳಿದ. ಎರಡು ಪೆಟ್ಟಿಗೆ, ಅಳಿಯನ ಮಾತು ಕೇಳದೆ ಇನ್ನೊಂದನ್ನು ಆರಿಸಿಕೊಂಡದ್ದು, ಅಡ್ಡಪಟ್ಟಿ, ಸಿಕ್ಕಿಕೊಂಡದ್ದು, ಎಲ್ಲರೆದುರು ಕತ್ತರಿಸಬೇಕಾಗಿ ಬಂದದ್ದು. ಹೇಳುತ್ತಾ ಹೇಳುತ್ತಾ ಅದೊಂದು ತಮಾಷೆಯ ಕತೆಯಾಗುತ್ತಾ ಬಂತು. ಅವಳ ಮುಖ ಸಡಿಲವಾಯಿತು, ನಕ್ಕಳು, ಅಮ್ಮನ ಹಾಗೆಯೇ ತಲೆ ಒಂದು ಕಡೆ ವಾಲಿಸಿ.

‘ಅಯ್ಯೋ, ಹೋಗ್ಲಿ ಬಿಡಿ. ಅವ್ರು ಅದನ್ನೆಲ್ಲ ಮನಸ್ಸಿಗೆ ಹಚ್ಕೊಳ್ಳೋರಲ್ಲ. ಅಷ್ಟೇನಾ?’

ಅವಳು ಆಗಲೇ ಯಂತ್ರದ ಕಡೆ ತಿರುಗಿ ಕಾಲನ್ನು ಪೆಡಲ್ ಮೇಲಿಟ್ಟಿದ್ದಳು. ಹೂಂ ಅಂದರೆ ಸಾಕಿತ್ತು.

‘ಅಷ್ಟೇ ಅಲ್ಲ’ ಅಂದ ಅವನು.